ನಲವತ್ತೈದರಿಂದ ನಲವತ್ತಾರಕ್ಕೆ: ದೈತ್ಯ ನೌಕಾ ಫಿರಂಗಿಗಳ ಅರವತ್ತೈದು ವರ್ಷ



ಯಂತ್ರವಿದ್ಯೆಯ ಚರಿತ್ರೆಯಿಂದ ಯಾವುದಾದರೂ ಒಂದು ವಸ್ತುವನ್ನು ಕೈಗೆತ್ತಿಕೊಂಡು ಮಾತನಾಡಬೇಕು ಎಂಬುದು ಈ ದತ್ತಿ ಉಪನ್ಯಾಸದ ಕರಾರು. ನಾನು ಆರಿಸಿಕೊಂಡ ವಸ್ತು ನೂರು ಟನ್ ತೂಗುತ್ತದೆ. ಕೈಗೆತ್ತಿಕೊಳ್ಳಲು ಆಗುತ್ತದೋ ಇಲ್ಲವೋ, ನೋಡೋಣ.

ಎರಡು ಅಂಕಿಗಳಿಂದ ಶುರು ಮಾಡುತ್ತೇನೆ. 1876ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಇಟಲಿಯ ಯುದ್ಧನೌಕೆಗಾಗಿ ಒಂದು ಫಿರಂಗಿ ತಯಾರಾಯಿತು. ಅದರ ಒಳವ್ಯಾಸ 45 ಸೆಂಟಿಮೀಟರ್. 1941ರ ಡಿಸೆಂಬರ್‌ನಲ್ಲಿ ಜಪಾನಿನ ‘ಯಮಾಟೊ’ ಸೇವೆಗೆ ಸೇರಿತು. ಸಮುದ್ರದ ಮೇಲೆ ಅದಕ್ಕಿಂತ ದೊಡ್ಡ ಫಿರಂಗಿಯ ಹಡಗು ಅಲ್ಲಿಂದೀಚೆಗೆ ತೇಲಿಲ್ಲ. ಅದರ ಫಿರಂಗಿಗಳ ಒಳವ್ಯಾಸ 46 ಸೆಂಟಿಮೀಟರ್. ನಡುವೆ ಅರವತ್ತೈದು ವರ್ಷ, ಒಂದು ಮಹಾಯುದ್ಧ, ಲೆಕ್ಕವಿಲ್ಲದಷ್ಟು ಹಣ. ಇಷ್ಟಕ್ಕೆಲ್ಲ ಫಿರಂಗಿಯ ಬಾಯಿ ಅಗಲಿಸಿದ್ದು ಒಂದೇ ಒಂದು ಸೆಂಟಿಮೀಟರ್.

ಆದರೆ ಉಳಿದ ಲೆಕ್ಕ ನೋಡಿ. ಮೊದಲನೆಯದರ ಗುಂಡು ಸುಮಾರು 900 ಕಿಲೋ, ಎರಡನೆಯದರದು 1,460 ಕಿಲೋ. ಮೊದಲನೆಯದು ಸುಮಾರು ಆರು ಕಿಲೋಮೀಟರ್ ದೂರ ಹೊಡೆಯುತ್ತಿತ್ತು, ಎರಡನೆಯದು 42 ಕಿಲೋಮೀಟರ್. ಬಾಯಿ ಬಿಡುವಾಗ ಗುಂಡಿನ ವೇಗ ಸೆಕೆಂಡಿಗೆ 470 ಮೀಟರಿನಿಂದ 780ಕ್ಕೆ ಏರಿತ್ತು. ಅಂದರೆ ಅದರೊಳಗಿನ ಶಕ್ತಿ ನಾಲ್ಕು ಪಟ್ಟಿಗೂ ಹೆಚ್ಚು. ದೊಡ್ಡ ಫಿರಂಗಿಗಳ ಚರಿತ್ರೆಯನ್ನು ಬಾಯಿ ಅಗಲವಾಗುತ್ತ ಹೋದ ಕತೆಯಾಗಿ ಬರೆಯುವುದು ರೂಢಿ. ನನಗೆ ಅದು ಸರಿಕಾಣುವುದಿಲ್ಲ. ಬಾಯಿ ಮೊದಲ ನೆಗೆತಕ್ಕೇ ತನ್ನ ಮಿತಿ ಮುಟ್ಟಿಬಿಟ್ಟಿತ್ತು. ಆಮೇಲೆ ನಡೆದದ್ದೆಲ್ಲ ಅದರ ಹಿಂದುಗಡೆ. ಮದ್ದು ಹೇಗೆ ಉರಿಯಬೇಕು, ಟನ್ನುಗಟ್ಟಲೆ ಗುಂಡನ್ನು ಎತ್ತಿ ತುಂಬುವವರು ಯಾರು, ದಿಗಂತದ ಆಚೆ ಇರುವ ಗುರಿಯನ್ನು ನೋಡುವವರು ಯಾರು ಎಂಬ ಪ್ರಶ್ನೆಗಳೇ ಫಿರಂಗಿಯ ಹಣೆಬರಹ ಬರೆದವು. ಕೊನೆಯ ಪ್ರಶ್ನೆಯಂತೂ ಅದರ ಮರಣಶಾಸನವನ್ನೂ ಬರೆಯಿತು.

ಬರೀ ಒಳವ್ಯಾಸವೇ ಲೆಕ್ಕವಾದರೆ ನಾವು ಜಪಾನಿಗೆ ಹೋಗಬೇಕಾಗಿಲ್ಲ. ವಿಜಯಪುರದ ಕೋಟೆಯ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪಿನ ಬಾಯಿ ಸುಮಾರು 28 ಇಂಚು, ಅಂದರೆ 70 ಸೆಂಟಿಮೀಟರ್. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಯಮಾಟೊದ ಗುಂಡು ಅದರ ಬಾಯಿಯೊಳಗೆ ಸಡಿಲವಾಗಿ ಉರುಳಾಡುತ್ತದೆ. ಹಾಗೆಂದು ಯಮಾಟೊಗಿಂತ ಅದು ಬಲವಾದ ಫಿರಂಗಿ ಎಂದು ಯಾರೂ ಹೇಳಲಾರರು. ಹತ್ತೊಂಬತ್ತನೆಯ ಶತಮಾನದಲ್ಲೂ ಇಂಥ ಅಗಲಬಾಯಿಯ ಪ್ರಯೋಗಗಳು ನಡೆದವು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ, ಪಿಟ್ಸ್‌ಬರ್ಗ್‌ನ ಎರಕದ ಮನೆಯಲ್ಲಿ 20 ಇಂಚಿನ ನೌಕಾ ಫಿರಂಗಿ ಹೊಯ್ದರು. ಅದನ್ನು ಹೊರಬೇಕಿದ್ದ ‘ಪ್ಯೂರಿಟನ್’ ಹಡಗು ಪೂರ್ತಿಯಾಗಲೇ ಇಲ್ಲ. ರಷ್ಯಾದ ಪೆರ್ಮ್‌ನಲ್ಲಿ 1868ರಲ್ಲಿ ಹೊಯ್ದ ಇನ್ನೊಂದು 20 ಇಂಚಿನ ಫಿರಂಗಿ ಇಂದಿಗೂ ಅದೇ ಊರಿನ ಮ್ಯೂಸಿಯಂನಲ್ಲಿದೆ. ಎರಡೂ ಒಳಗೆ ನುಣುಪಾದ, ಉಂಡೆಗುಂಡು ಹಾರಿಸುವ ಫಿರಂಗಿಗಳು. ಎರಡೂ ಹಡಗು ಹತ್ತಲಿಲ್ಲ. ಆದ್ದರಿಂದ ಅವನ್ನು ಇಲ್ಲಿಗೇ ಬಿಟ್ಟು ನ್ಯೂಕಾಸಲ್‌ಗೆ ಹೋಗೋಣ.

ಹಡಗಿನ ಕವಚ ಮತ್ತು ಫಿರಂಗಿಯ ನಡುವೆ ಆಗ ಜಿದ್ದು ನಡೆದಿತ್ತು. ಒಬ್ಬರು ಒಂದು ಅಂಗುಲ ಕಬ್ಬಿಣ ಹೆಚ್ಚಿಸಿದರೆ ಇನ್ನೊಬ್ಬರು ಫಿರಂಗಿಗೆ ಹತ್ತು ಟನ್ ಸೇರಿಸುವರು. ಇಟಲಿ ಒಂದು ದೇಶವಾಗಿ ಇನ್ನೂ ಹದಿನೈದು ವರ್ಷವೂ ಆಗಿರಲಿಲ್ಲ. ಹತ್ತಾರು ಹಡಗು ಕಟ್ಟುವ ಶಕ್ತಿಯಿಲ್ಲದ ಅದು ಯಾರೂ ಎದುರು ನಿಲ್ಲಲಾಗದ ಎರಡೇ ಹಡಗು ಕಟ್ಟೋಣ ಎಂದು ಯೋಚಿಸಿತು. ವಿನ್ಯಾಸಕಾರ ಬೆನೆಡೆಟ್ಟೊ ಬ್ರಿನ್ ಅವರ ‘ದುಯಿಲಿಯೊ’ ಮತ್ತು ‘ದಂದೊಲೊ’ ಹುಟ್ಟಿದ್ದು ಹೀಗೆ. ಮೊದಲ ನಕ್ಷೆಯಲ್ಲಿ 35 ಟನ್ನಿನ ಫಿರಂಗಿಗಳಿದ್ದವು. ಆಮೇಲೆ ಅದು 60 ಟನ್ ಆಯಿತು. ಬ್ರಿಟನ್ನಿನ ‘ಇನ್‌ಫ್ಲೆಕ್ಸಿಬಲ್’ ಹಡಗಿಗೆ 80 ಟನ್ನಿನ ಫಿರಂಗಿ ಬರುತ್ತದೆಂಬ ಸುದ್ದಿ ಬಂದಾಗ ಇಟಲಿಯವರು ನೂರಕ್ಕೇ ನೆಗೆದರು. ಮಾಡಿಕೊಟ್ಟವರು ಯಾರು? ಬ್ರಿಟನ್ನಿನದೇ ಆರ್ಮ್‌ಸ್ಟ್ರಾಂಗ್ ಕಂಪನಿ, ಟೈನ್ ನದಿಯ ದಡದ ಎಲ್ಸ್‌ವಿಕ್ ಕಾರ್ಖಾನೆಯಲ್ಲಿ.

ಈ ಕಾರ್ಖಾನೆ ಇದ್ದದ್ದು ನದಿಯ ಮೇಲ್ಭಾಗದಲ್ಲಿ. ಸಮುದ್ರದಿಂದ ದೊಡ್ಡ ಹಡಗು ಅಲ್ಲಿಗೆ ಬರಬೇಕಾದರೆ ನ್ಯೂಕಾಸಲ್‌ನ ಹಳೆಯ ಕಲ್ಲುಸೇತುವೆ ಅಡ್ಡ. ಅದನ್ನು ಕೆಡವಿ, ನಡುವಿನ ಭಾಗ ಪೂರ್ತಿ ತಿರುಗಿ ಹಡಗಿಗೆ ದಾರಿ ಬಿಡುವಂಥ ಹೊಸ ಸೇತುವೆ ಕಟ್ಟಿದರು. ನೀರಿನ ಒತ್ತಡದಿಂದ ಅದನ್ನು ತಿರುಗಿಸುವ ಯಂತ್ರ ಆರ್ಮ್‌ಸ್ಟ್ರಾಂಗ್ ಅವರದ್ದೇ. 1876ರ ಜುಲೈ 17ರಂದು ಸೇತುವೆ ಮೊದಲ ಬಾರಿಗೆ ಹಡಗಿಗೆ ತೆರೆದುಕೊಂಡಿತು. ದಾಟಿದ ಹಡಗು ಇಟಲಿಯ ‘ಯೂರೋಪಾ’. ಅದು ಬಂದದ್ದು ನೂರು ಟನ್ನಿನ ಫಿರಂಗಿಯನ್ನು ಒಯ್ಯಲು. ಆ ಸೇತುವೆ ಇಂದಿಗೂ ಅಲ್ಲಿದೆ. ಒಂದು ಫಿರಂಗಿಯನ್ನು ಸಾಗಿಸಬೇಕಾದರೆ ಊರಿನ ನಕ್ಷೆಯನ್ನೇ ತಿದ್ದಬೇಕಾಗುತ್ತದೆ ಎಂಬುದು ಮುಂದೆಯೂ ಮತ್ತೆ ಮತ್ತೆ ಕಾಣುವ ಸಂಗತಿ. ಆ ಕಡೆ ಇಟಲಿಯ ಲಾ ಸ್ಪೆಜಿಯಾ ಬಂದರಿನಲ್ಲಿ ಇದನ್ನು ಇಳಿಸಿಕೊಳ್ಳಲು ಬೇಕಾದ ಭಾರಿ ಕ್ರೇನ್ ಕೂಡ ಆರ್ಮ್‌ಸ್ಟ್ರಾಂಗ್ ಕಂಪನಿಯಿಂದಲೇ ಹೋಯಿತು. ವ್ಯಾಪಾರ ಎಂದರೆ ಹೀಗಿರಬೇಕು!

ಅದೇ ವರ್ಷದ ಅಕ್ಟೋಬರ್‌ನಲ್ಲಿ ಲಾ ಸ್ಪೆಜಿಯಾದಲ್ಲಿ ಪರೀಕ್ಷೆ ನಡೆಯಿತು. ಒಂದು ಕಡೆ ಮೆದುಕಬ್ಬಿಣದ ಫಲಕ, ಇನ್ನೊಂದು ಕಡೆ ಫ್ರಾನ್ಸಿನ ಶ್ನೈಡರ್ ಕಂಪನಿಯ 55 ಸೆಂಟಿಮೀಟರ್ ದಪ್ಪದ ಉಕ್ಕಿನ ಫಲಕ. ನೂರು ಟನ್ನಿನ ಫಿರಂಗಿಯ ಗುಂಡು ಕಬ್ಬಿಣವನ್ನು ತೂರಿಕೊಂಡು ಆಚೆ ಹೋಯಿತು. ಉಕ್ಕು ಒಡೆದು ಚೂರಾಯಿತು, ಆದರೆ ಗುಂಡನ್ನು ಒಳಗೆ ಬಿಡಲಿಲ್ಲ. ಇಟಲಿ ತನ್ನ ಹಡಗಿಗೆ ಉಕ್ಕನ್ನೇ ಆರಿಸಿಕೊಂಡಿತು. ಫಿರಂಗಿಯ ಬಲ ತೋರಿಸಲು ನಡೆಸಿದ ಪರೀಕ್ಷೆಯೇ ಕವಚದವರಿಗೆ ಮುಂದಿನ ದಾರಿ ತೋರಿಸಿಕೊಟ್ಟಿತು.

ಈಗ ಮಾಲ್ಟಾ. ಮೆಡಿಟರೇನಿಯನ್ ನಡುವಿನ ಈ ದ್ವೀಪ ಬ್ರಿಟಿಷರ ನೌಕಾನೆಲೆ. ಭಾರತದ ದಾರಿಯ ಕಾವಲುಗಂಬವೂ ಹೌದು. 1878ರಲ್ಲಿ ರಷ್ಯಾದೊಂದಿಗೆ ಯುದ್ಧದ ಭೀತಿ ಬಂದಾಗ ಭಾರತದಿಂದ ಸುಮಾರು ಏಳು ಸಾವಿರ ಸೈನಿಕರನ್ನು ತಂದು ಇಳಿಸಿದ್ದು ಇಲ್ಲೇ. ಇಟಲಿಯ ಕೈಯಲ್ಲಿ ನೂರು ಟನ್ನಿನ ಫಿರಂಗಿಗಳಿವೆ, ಮಾಲ್ಟಾದ ಕೋಟೆಯಲ್ಲಿ ಅವಕ್ಕೆ ಉತ್ತರ ಕೊಡುವ ಒಂದೂ ಇಲ್ಲ ಎಂಬುದು ಲಂಡನ್ನಿನವರ ನಿದ್ದೆ ಕೆಡಿಸಿತು. ಇಟಲಿ ಶತ್ರುವೇನಲ್ಲ, ಆದರೆ ನಾಳೆ ಯಾರು ಕಂಡವರು? ಬ್ರಿಟಿಷ್ ಸರ್ಕಾರ ಅದೇ ಆರ್ಮ್‌ಸ್ಟ್ರಾಂಗ್ ಕಂಪನಿಯಿಂದ ನೂರು ಟನ್ನಿನ ನಾಲ್ಕು ಫಿರಂಗಿ ಕೊಂಡಿತು: ಎರಡು ಮಾಲ್ಟಾಕ್ಕೆ, ಎರಡು ಜಿಬ್ರಾಲ್ಟರ್‌ಗೆ. ಕಂಪನಿ ರೋಗವನ್ನೂ ಮಾರಿತು, ಔಷಧಿಯನ್ನೂ ಮಾರಿತು.

ಅವುಗಳಲ್ಲಿ ಎರಡು ಇಂದಿಗೂ ಉಳಿದಿವೆ. ಮಾಲ್ಟಾದ ರಿನೆಲ್ಲಾ ಕೋಟೆಯಲ್ಲಿ ಒಂದು, ಜಿಬ್ರಾಲ್ಟರ್‌ನ ನೇಪಿಯರ್ ಆಫ್ ಮ್ಯಾಗ್ಡಾಲಾ ಬ್ಯಾಟರಿಯಲ್ಲಿ ಒಂದು. ಹಡಗಿನ ಮೇಲೆ ಈ ಫಿರಂಗಿ ಹೇಗೆ ಕೆಲಸ ಮಾಡುತ್ತಿತ್ತೆಂದು ತಿಳಿಯಬೇಕಾದರೆ ರಿನೆಲ್ಲಾ ಕೋಟೆಯನ್ನೇ ನೋಡಬೇಕು. ಅಲ್ಲಿನ ಯಂತ್ರವ್ಯವಸ್ಥೆಯೂ ಅದೇ ತತ್ತ್ವದ್ದು. ಇದು ಬಾಯಿಯಿಂದ ಮದ್ದು ತುಂಬುವ ಫಿರಂಗಿ. ಹೊಡೆದಾದ ಮೇಲೆ ಇಡೀ ಫಿರಂಗಿ ಎಡಕ್ಕೋ ಬಲಕ್ಕೋ ತಿರುಗುತ್ತದೆ. ಅಲ್ಲಿ ದಪ್ಪ ಗೋಡೆಯೊಳಗೆ ಒಂದು ಕೋಣೆ. ಫಿರಂಗಿ ತಲೆ ತಗ್ಗಿಸಿ ಆ ಕೋಣೆಯ ಕಂಡಿಗೆ ಬಾಯಿ ಕೊಟ್ಟು ನಿಲ್ಲುತ್ತದೆ. ಮೊದಲು ನೀರು ಚಿಮ್ಮಿಸಿ ನಳಿಗೆಯೊಳಗಿನ ಕಿಟ್ಟ ತೊಳೆದು, ಕೆಂಡವೇನಾದರೂ ಉಳಿದಿದ್ದರೆ ಆರಿಸುತ್ತಾರೆ. ನಂತರ ನೀರಿನ ಒತ್ತಡದಿಂದ ಓಡುವ ಉದ್ದನೆಯ ತಳ್ಳುಗೋಲು ಸುಮಾರು 200 ಕಿಲೋ ಕರಿಮದ್ದನ್ನೂ ಅದರ ಹಿಂದೆ 900 ಕಿಲೋ ಗುಂಡನ್ನೂ ಒಳಗೆ ನೂಕುತ್ತದೆ. ಫಿರಂಗಿ ತಲೆಯೆತ್ತಿ ಗುರಿಯ ಕಡೆ ತಿರುಗುತ್ತದೆ. ಮುಂದಿನ ಸಲ ಇನ್ನೊಂದು ಬದಿಯ ಕೋಣೆಗೆ ಹೋಗುತ್ತದೆ. ಒಂದು ಸುತ್ತಿಗೆ ಆರು ನಿಮಿಷ. ಇದಕ್ಕೆಲ್ಲ ಶಕ್ತಿ ಕೊಡಲು ನೆಲದಡಿಯಲ್ಲಿ ಉಗಿಯಂತ್ರ, ಒಟ್ಟು ಮೂವತ್ತೈದು ಜನ. ಒಬ್ಬನ ಕೈಯೂ ಗುಂಡನ್ನು ಮುಟ್ಟುವುದಿಲ್ಲ. 1880ರ ದಶಕಕ್ಕೆ ಇದು ಸಣ್ಣ ಮಾತಲ್ಲ.

ಫಿರಂಗಿ ಮಾಲ್ಟಾಕ್ಕೆ ಬಂದದ್ದು 1882ರ ಸೆಪ್ಟೆಂಬರ್‌ನಲ್ಲಿ. ದಡದಿಂದ ಕೋಟೆಗೆ ಎಳೆಯಲು ನೂರು ಜನಕ್ಕೆ ತಿಂಗಳುಗಳೇ ಹಿಡಿದವು. ಒಂದು ಗುಂಡು ಹಾರಿಸಿದರೆ 2,600 ಸೈನಿಕರ ಒಂದು ದಿನದ ಸಂಬಳ ಖರ್ಚು ಎಂದು ಅಲ್ಲಿನ ಮ್ಯೂಸಿಯಂನವರು ಹೇಳುತ್ತಾರೆ. ಆದ್ದರಿಂದ ಅಭ್ಯಾಸಕ್ಕೆ ಮೂರು ತಿಂಗಳಿಗೆ ಒಂದೇ ಗುಂಡು. 1906ರಲ್ಲಿ ಕೊನೆಯ ಗುಂಡು ಹಾರಿಸಿ ನಿವೃತ್ತಿ ಕೊಟ್ಟರು. ಶತ್ರುವಿನ ಮೇಲೆ ಅದು ಒಂದು ಗುಂಡನ್ನೂ ಹಾರಿಸಲಿಲ್ಲ. ಜಿಬ್ರಾಲ್ಟರ್‌ನಲ್ಲಿ ಇನ್ನೊಂದು ಕತೆ ಹೇಳುತ್ತಾರೆ. ತಪಾಸಣೆಗೆ ಬಂದ ಸೇನಾಧಿಕಾರಿಯ ಮುಂದೆ ಫಿರಂಗಿಗೆ ಎಷ್ಟು ಬೆಂಕಿ ಕೊಟ್ಟರೂ ಮದ್ದು ಹೊತ್ತಲಿಲ್ಲವಂತೆ. ಅರ್ಧ ಗಂಟೆ ಕಾದರು. ಕೊನೆಗೆ ಯಾರಾದರೂ ಬಾಯಿಂದ ಒಳಗೆ ಇಳಿದು ಗುಂಡಿಗೆ ಕೊಕ್ಕೆ ಸಿಕ್ಕಿಸಿ ಬರಬೇಕೆಂದಾಯಿತು. ಒಬ್ಬ ಸಣಕಲು ಸೈನಿಕ ಅಂಗಿ ಬಿಚ್ಚಿ ಮುಂದೆ ಬಂದ. ಅವನನ್ನು ತಲೆ ಮುಂದಾಗಿ ಒಳಗೆ ತಳ್ಳಿದರು. ಹಿಂದೆ ಮದ್ದು ಇನ್ನೂ ಜೀವಂತ. 45 ಸೆಂಟಿಮೀಟರ್ ಅಂದರೆ ಎಷ್ಟು ಅಗಲ ಎಂದು ಯಾರಾದರೂ ಕೇಳಿದರೆ ನಾನು ಈ ಹುಡುಗನ ಕತೆ ಹೇಳುತ್ತೇನೆ.

ಬಾಯಿಯಿಂದ ತುಂಬುವ ಪದ್ಧತಿ ಬ್ರಿಟಿಷ್ ನೌಕಾಪಡೆಯಲ್ಲಿ ಅಷ್ಟು ಕಾಲ ಉಳಿದದ್ದೇ ಸೋಜಿಗ. ಅದನ್ನು ಕೊಂದದ್ದು ಒಂದು ಅಪಘಾತ. 1879ರ ಜನವರಿ 2ರಂದು ಟರ್ಕಿಯ ಹತ್ತಿರದ ಸಮುದ್ರದಲ್ಲಿ ‘ಥಂಡರರ್’ ಹಡಗಿನ 12 ಇಂಚಿನ ಫಿರಂಗಿಯೊಂದು ಸಿಡಿದು ಹನ್ನೊಂದು ಜನ ಸತ್ತರು. ಆದದ್ದು ಇಷ್ಟೆ. ಟರೆಟ್ಟಿನ, ಅಂದರೆ ಫಿರಂಗಿ ಹೊತ್ತು ತಿರುಗುವ ಗೋಪುರದ, ಎರಡೂ ಫಿರಂಗಿಗಳಿಗೆ ಒಟ್ಟಿಗೇ ಬೆಂಕಿ ಕೊಟ್ಟರು. ಒಂದು ಹಾರಿತು, ಇನ್ನೊಂದು ಹಾರಲಿಲ್ಲ. ಪಕ್ಕದ ಫಿರಂಗಿಯ ಅಬ್ಬರದಲ್ಲಿ ಅದು ಯಾರಿಗೂ ತಿಳಿಯಲಿಲ್ಲ. ಹಾರದೆ ಉಳಿದ ಮದ್ದು-ಗುಂಡಿನ ಮೇಲೆ ಯಂತ್ರ ಇನ್ನೊಂದು ಸುತ್ತು ಮದ್ದು-ಗುಂಡು ತುರುಕಿತು. ಕೈಯಿಂದ ತುಂಬುವವನಿಗೆ ಗೋಲು ಅಷ್ಟು ಒಳಗೆ ಹೋಗಲಿಲ್ಲ ಎಂದು ತಕ್ಷಣ ಗೊತ್ತಾಗುತ್ತಿತ್ತು. ಯಂತ್ರಕ್ಕೆ ಆ ಸ್ಪರ್ಶಜ್ಞಾನ ಎಲ್ಲಿಂದ ಬರಬೇಕು? ವಿಚಾರಣಾ ಸಮಿತಿಯ ತೀರ್ಮಾನವನ್ನು ಹಲವರು ನಂಬದಿದ್ದಾಗ, ಅದರ ಜೋಡಿ ಫಿರಂಗಿಯನ್ನು ವೂಲಿಚ್‌ಗೆ ತಂದು ಬೇಕೆಂದೇ ಎರಡು ಸಲ ತುಂಬಿ ಹಾರಿಸಿದರು. ಅದೂ ಹಾಗೆಯೇ ಸಿಡಿಯಿತು. ಹಿಂಬದಿಯಿಂದ ತುಂಬುವ ಫಿರಂಗಿಯಲ್ಲಿ ಈ ತಪ್ಪು ಸಾಧ್ಯವೇ ಇಲ್ಲ, ಬಾಗಿಲು ತೆರೆದರೆ ಒಳಗೆ ಏನಿದೆಯೆಂದು ಕಾಣುತ್ತದೆ. 1880ರ ಮಾರ್ಚ್‌ನಲ್ಲಿ ದುಯಿಲಿಯೊದ ನೂರು ಟನ್ನಿನ ಫಿರಂಗಿಯೊಂದೂ ಬಿರಿಯಿತು.

ಇನ್ನೊಂದು ಕಾರಣವೂ ಇತ್ತು. ನನ್ನ ಮಟ್ಟಿಗೆ ಅದೇ ಮುಖ್ಯ. ಕರಿಮದ್ದು ಭಗ್ಗನೆ ಉರಿದು ಮುಗಿಯುತ್ತದೆ. ಒತ್ತಡವೆಲ್ಲ ನಳಿಗೆಯ ಬುಡದಲ್ಲಿ. ಆದ್ದರಿಂದ ಫಿರಂಗಿ ಬುಡದಲ್ಲಿ ದಪ್ಪ, ಉದ್ದಕ್ಕೆ ಮೊಟಕು. ನೂರು ಟನ್ನಿನದರ ಒಟ್ಟು ಉದ್ದ ಹತ್ತು ಮೀಟರಿಗೆ ಕಡಿಮೆ. ದೊಡ್ಡ ಅಚ್ಚಿನ, ನಿಧಾನವಾಗಿ ಉರಿಯುವ ಮದ್ದು ಬಂದಾಗ ಗುಂಡನ್ನು ನಳಿಗೆಯ ಉದ್ದಕ್ಕೂ ದೂಡುತ್ತ ಹೋಗಬಹುದೆಂದು ತಿಳಿಯಿತು. ಎಲ್ಸ್‌ವಿಕ್‌ನ ಆಂಡ್ರ್ಯೂ ನೋಬಲ್ ನಳಿಗೆಯೊಳಗೆ ಗುಂಡು ಓಡುವ ವೇಗವನ್ನೇ ಅಳೆಯುವ ಉಪಕರಣ ಮಾಡಿ ಇದನ್ನು ಲೆಕ್ಕಕ್ಕೆ ತಂದರು. ನಳಿಗೆ ಉದ್ದವಾದರೆ ವೇಗ ಹೆಚ್ಚು. ಆದರೆ ಅಷ್ಟುದ್ದದ ನಳಿಗೆಯನ್ನು ಬಾಯಿಂದ ತುಂಬುವುದು ಹೇಗೆ? ಹಿಂಬಾಗಿಲು ತೆರೆಯಲೇಬೇಕಾಯಿತು. ಆಮೇಲೆ ಹೊಗೆಯಿಲ್ಲದ ಮದ್ದು, ಬ್ರಿಟನ್ನಿನಲ್ಲಿ ಕಾರ್ಡೈಟ್, ಬಂದು ಉಳಿದ ಕೆಲಸ ಮುಗಿಸಿತು. ಯಮಾಟೊದ ಫಿರಂಗಿಯ ಉದ್ದ ಸುಮಾರು 21 ಮೀಟರ್. ಅರವತ್ತೈದು ವರ್ಷಗಳಲ್ಲಿ ಬೆಳೆದದ್ದು ಬಾಯಿಯಲ್ಲ, ಕೊರಳು.

ಮಧ್ಯಂತರದಲ್ಲಿ ಬ್ರಿಟಿಷರು ಮಾಡಿಕೊಂಡ ಒಂದು ಎಡವಟ್ಟನ್ನು ಹೇಳಿ ಮುಂದೆ ಹೋಗುತ್ತೇನೆ. 1880ರ ದಶಕದಲ್ಲಿ ಮೂರು ಹಡಗುಗಳಿಗೆ 16.25 ಇಂಚಿನ, 110 ಟನ್ನಿನ ಫಿರಂಗಿ ಕೊಟ್ಟರು. ತಯಾರಿಕೆ ವರ್ಷಗಟ್ಟಲೆ ತಡವಾಯಿತು. ನಳಿಗೆ ತನ್ನ ಭಾರಕ್ಕೆ ತಾನೇ ತುದಿಯಲ್ಲಿ ಬಾಗಿತು. ಎಪ್ಪತ್ತೈದು ಗುಂಡು ಹಾರಿಸುವಷ್ಟರಲ್ಲಿ ಒಳಗೆ ಸವೆದುಹೋಗುತ್ತಿತ್ತು. ‘ವಿಕ್ಟೋರಿಯಾ’ ಹಡಗಿನಲ್ಲಿ ಇಂಥ ಎರಡನ್ನೂ ಮುಂಭಾಗದ ಒಂದೇ ಟರೆಟ್ಟಿನಲ್ಲಿ ಹೇರಿದ್ದರು, ಮೂಗಿಗಿಂತ ಮೂಗುತಿ ಭಾರ. 1893ರ ಜೂನ್ 22ರಂದು ಲೆಬನಾನ್‌ನ ಟ್ರಿಪೋಲಿಯ ಎದುರಿಗೆ, ಅಡ್ಮಿರಲ್ ಟ್ರೈಯನ್ ಕೊಟ್ಟ ತಪ್ಪು ಆಜ್ಞೆಯಿಂದ, ತನ್ನದೇ ಪಡೆಯ ‘ಕ್ಯಾಂಪರ್‌ಡೌನ್’ ಬಂದು ಗುದ್ದಿ ಅದು ಮುಳುಗಿತು. 358 ಜನ ಸತ್ತರು. 2004ರಲ್ಲಿ ಮುಳುಗುಗಾರರು ಅದನ್ನು ಪತ್ತೆಹಚ್ಚಿದಾಗ ಹಡಗು ಸಮುದ್ರದ ತಳದಲ್ಲಿ ನೆಟ್ಟ ಕಂಬದ ಹಾಗೆ, ಮುಂಭಾಗ ಕೆಸರಿನಲ್ಲಿ ಹೂತು, ಹಿಂಭಾಗ ಮೇಲಾಗಿ ನಿಂತಿತ್ತು. ಮುಂದಿನ ಟರೆಟ್ಟಿನ ಭಾರ ಅದನ್ನು ಈಟಿಯಂತೆ ಕೆಳಕ್ಕೆ ಒಯ್ದಿತ್ತು.

ಈ ಪಾಠಗಳ ನಂತರ ಹೆಚ್ಚಿನವರು 12 ಇಂಚಿನ ಆಸುಪಾಸಿಗೆ ಇಳಿದರು. 1906ರ ‘ಡ್ರೆಡ್‌ನಾಟ್’ ಹೊತ್ತದ್ದೂ ಹನ್ನೆರಡು ಇಂಚಿನವನ್ನೇ. ಆಮೇಲೆ ಹದಿಮೂರೂವರೆ, ಹದಿನಾಲ್ಕು, ಹದಿನೈದು ಎಂದು ಮತ್ತೆ ಏರಿತು. ಅದು ಎಲ್ಲ ಪುಸ್ತಕಗಳಲ್ಲೂ ಇದೆ, ನಾನು ಹೇಳುವುದಿಲ್ಲ.

ಹೇಳಬೇಕಾದದ್ದು ‘ಫ್ಯೂರಿಯಸ್’ ಬಗ್ಗೆ. ಈ ಇಡೀ ಚರಿತ್ರೆಯಲ್ಲಿ ಒಂದೇ ಹಡಗನ್ನು ಆರಿಸು ಎಂದರೆ ನಾನು ಯಮಾಟೊವನ್ನಲ್ಲ, ಇದನ್ನು ಆರಿಸುತ್ತೇನೆ. ಮೊದಲನೆಯ ಮಹಾಯುದ್ಧದ ಸಮಯದಲ್ಲಿ ಅಡ್ಮಿರಲ್ ಫಿಶರ್ ಅವರ ಹಟದಿಂದ ಹುಟ್ಟಿದ ಹಡಗು ಇದು. ವೇಗಕ್ಕಾಗಿ ತೆಳು ಕವಚ, ಹಿಂದೊಂದು ಮುಂದೊಂದು 18 ಇಂಚಿನ ಫಿರಂಗಿ. 18 ಇಂಚು ಎಂದರೆ 45.7 ಸೆಂಟಿಮೀಟರ್. ಗಮನಿಸಿ, ಇದೂ ನಮ್ಮ ಆ ಒಂದೇ ಸೆಂಟಿಮೀಟರಿನ ಒಳಗೇ ಬಂತು. ಗುಂಡು ಒಂದೂವರೆ ಟನ್. ಕಟ್ಟಿ ಮುಗಿಯುವ ಮೊದಲೇ ಮುಂದಿನ ಫಿರಂಗಿಯನ್ನು ಕೈಬಿಟ್ಟು, ಆ ಜಾಗದಲ್ಲಿ ವಿಮಾನ ಹಾರಿಸುವ ಅಟ್ಟ ಹಾಕಿದರು. ಹಿಂದೆ ಮಾತ್ರ ಒಂದು ದೈತ್ಯ ಫಿರಂಗಿ ಉಳಿಯಿತು. ಅದನ್ನು ಹಾರಿಸಿದಾಗಲೆಲ್ಲ ಹಗುರ ಹಡಗು ಅಡಿಯಿಂದ ಮುಡಿಯವರೆಗೆ ನಡುಗುತ್ತಿತ್ತು. 1917ರ ಆಗಸ್ಟ್ 2ರಂದು ಎಡ್ವಿನ್ ಡನಿಂಗ್ ಎಂಬ ಅಧಿಕಾರಿ ಇದರ ಮುಂದಿನ ಅಟ್ಟದ ಮೇಲೆ ತನ್ನ ಸಣ್ಣ ವಿಮಾನ ಇಳಿಸಿದ. ಚಲಿಸುತ್ತಿರುವ ಹಡಗಿನ ಮೇಲೆ ವಿಮಾನ ಇಳಿದದ್ದು ಅದೇ ಮೊದಲು. ಐದು ದಿನದ ಮೇಲೆ ಮತ್ತೆ ಪ್ರಯತ್ನಿಸುವಾಗ ವಿಮಾನ ಕಡಲಿಗೆ ಉರುಳಿ ಆತ ಸತ್ತ. ಆದರೂ ನೌಕಾಪಡೆ ಆರಿಸಿಕೊಂಡದ್ದು ವಿಮಾನವನ್ನೇ. ಹಿಂದಿನ ಫಿರಂಗಿಯನ್ನೂ ಕಿತ್ತು ಅಲ್ಲಿಯೂ ಅಟ್ಟ ಹಾಸಿದರು. 1918ರ ಜುಲೈಯಲ್ಲಿ ಇದೇ ಹಡಗಿನಿಂದ ಎದ್ದ ವಿಮಾನಗಳು ಜರ್ಮನರ ಟೊಂಡರ್ನ್ ನೆಲೆಗೆ ಹೋಗಿ ಎರಡು ಜೆಪ್ಪೆಲಿನ್‌ಗಳನ್ನು ಸುಟ್ಟು ಬಂದವು. ಫಿರಂಗಿಯ ಯುಗ ಎರಡನೆಯ ಮಹಾಯುದ್ಧದಲ್ಲಿ ಮುಗಿಯಿತು ಎನ್ನುತ್ತಾರೆ. ಈ ಹಡಗಿನ ಅಟ್ಟದ ಮೇಲೆ ಆ ತೀರ್ಪು 1917ರಲ್ಲೇ ಬಂದಿತ್ತು. ಯಾರೂ ಓದಲಿಲ್ಲ, ಅಷ್ಟೆ.

ಕಿತ್ತ ಫಿರಂಗಿ ವ್ಯರ್ಥವಾಗಲಿಲ್ಲ. ಕರಾವಳಿಗೆ ಗುಂಡು ಹಾರಿಸುವ ನಿಧಾನಗತಿಯ ಹಡಗುಗಳಿಗೆ ಈ ಬಗೆಯ ಫಿರಂಗಿಗಳನ್ನು ಏರಿಸಿದರು. 1918ರ ಸೆಪ್ಟೆಂಬರ್ 28ರಂದು ‘ಜನರಲ್ ವುಲ್ಫ್’ ಬೆಲ್ಜಿಯಂನ ಸ್ನೆಸ್ಕೆರ್ಕೆಯ ರೈಲುಸೇತುವೆಯ ಮೇಲೆ 33 ಕಿಲೋಮೀಟರ್ ದೂರದಿಂದ ಗುಂಡು ಹಾರಿಸಿತು. ಬ್ರಿಟಿಷ್ ನೌಕಾಪಡೆಯ ಹಡಗೊಂದು ಯುದ್ಧದಲ್ಲಿ ಅಷ್ಟು ದೂರಕ್ಕೆ ಫಿರಂಗಿ ಹೊಡೆದದ್ದು ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ.

ಈ ಫಿರಂಗಿಯ ಕಡತದ ಹೆಸರು ‘15 ಇಂಚು ಬಿ’. ಅಳತೆ ಶತ್ರುವಿಗೆ ತಿಳಿಯಬಾರದೆಂದು ಮೂರು ಇಂಚು ಕಡಿಮೆ ಬರೆದಿದ್ದರು. ಅದಕ್ಕೂ ಮೊದಲು ನಿಜವಾದ 15 ಇಂಚಿನದಕ್ಕೆ ‘14 ಇಂಚಿನ ಪ್ರಯೋಗ’ ಎಂದು ಹೆಸರಿಟ್ಟಿದ್ದರು. ಜಪಾನಿನವರು ಇದರಲ್ಲಿ ಇನ್ನೂ ಮುಂದೆ. 1920ರ ಸುಮಾರಿಗೆ ಪರೀಕ್ಷೆಗೆಂದು 48 ಸೆಂಟಿಮೀಟರಿನ ಫಿರಂಗಿ ಮಾಡಿ ಕಾಗದದಲ್ಲಿ 36 ಎಂದು ಬರೆದರು. ಅದು ಪರೀಕ್ಷೆಯಲ್ಲಿ ಸಿಡಿಯಿತು. ಸಿಡಿಯುವ ಫಿರಂಗಿಗೆ ಸುಳ್ಳು ಹೇಳಲು ಬರುವುದಿಲ್ಲ.

1922ರ ವಾಷಿಂಗ್ಟನ್ ಒಪ್ಪಂದ ಗರಿಷ್ಠ ಅಳತೆಯನ್ನು 16 ಇಂಚಿಗೆ ಕಟ್ಟಿಹಾಕಿತು. ಬ್ರಿಟಿಷರು ಒಂಬತ್ತು 18 ಇಂಚಿನ ಫಿರಂಗಿಗಳ ಹಡಗುಗಳಿಗೆ ಹಾಕಿದ್ದ ನಕ್ಷೆ ಬೀರುವಿಗೆ ಹೋಯಿತು. 1936ರ ಕೊನೆಗೆ ಜಪಾನ್ ಒಪ್ಪಂದಗಳಿಂದ ಹೊರಬಂತು. ಅವರ ಲೆಕ್ಕಾಚಾರದಲ್ಲಿ ಪನಾಮಾ ಕಾಲುವೆಯೂ ಇತ್ತು. ಕಾಲುವೆಯ ಆಗಿನ ಕಟ್ಟೆಬಾಗಿಲುಗಳ ಅಗಲ 33.5 ಮೀಟರ್. 18 ಇಂಚಿನ ಫಿರಂಗಿ ಹೊರುವ ಹಡಗು ಅದಕ್ಕಿಂತ ಅಗಲವಾಗಲೇಬೇಕು. ಅಮೆರಿಕ ಅಂಥದ್ದನ್ನು ಕಟ್ಟಿದರೆ ಎರಡು ಸಾಗರಗಳ ನಡುವೆ ಅದನ್ನು ಕಾಲುವೆಯಲ್ಲಿ ದಾಟಿಸಲಾಗದು. ಹಡಗುಗಳ ಸಂಖ್ಯೆಯಲ್ಲಿ ನಾವು ಗೆಲ್ಲಲಾರೆವು, ಫಿರಂಗಿಯ ಅಳತೆಯಲ್ಲಿ ಗೆಲ್ಲೋಣ ಎಂದರು. ಅರವತ್ತು ವರ್ಷದ ಹಿಂದೆ ಇಟಲಿ ಮಾಡಿದ್ದು ಇದೇ ಯೋಚನೆ.

ಯಮಾಟೊದ ಅಗಲ ಸುಮಾರು 39 ಮೀಟರ್. ಮೂರು ಟರೆಟ್, ಒಂದೊಂದರಲ್ಲಿ ಮೂರು ಫಿರಂಗಿ. ಒಂದು ಟರೆಟ್ಟಿನ ತೂಕ ಸುಮಾರು 2,500 ಟನ್, ಆ ಕಾಲದ ಒಂದು ದೊಡ್ಡ ಡಿಸ್ಟ್ರಾಯರ್‌ನಷ್ಟು. ಫಿರಂಗಿಗಳ ಅಧಿಕೃತ ಹೆಸರು ‘94ನೆಯ ಮಾದರಿಯ 40 ಸೆಂಟಿಮೀಟರ್’. ನಿಜವಾದ ಅಳತೆ ಅಮೆರಿಕದವರಿಗೆ ಖಚಿತವಾದದ್ದು ಯುದ್ಧ ಮುಗಿದ ಮೇಲೆ. ಅವಳಿ ಹಡಗು ‘ಮುಸಾಶಿ’ ನಾಗಸಾಕಿಯಲ್ಲಿ ಕಟ್ಟುವಾಗ ಊರಿನವರ ಕಣ್ಣಿಗೆ ಬೀಳದಂತೆ ನಾರಿನ ಹಗ್ಗದ ಪರದೆಗಳನ್ನು ಇಳಿಬಿಟ್ಟರು. ಅದಕ್ಕೆ ಎಷ್ಟು ನಾರು ಬೇಕಾಯಿತೆಂದರೆ ಬಲೆ ಹೆಣೆಯಲು ನಾರು ಸಿಗದೆ ಬೆಸ್ತರು ಗುಸುಗುಸು ಶುರುಮಾಡಿದರು. ಫಿರಂಗಿ ತಯಾರಾಗುತ್ತಿದ್ದದ್ದು ಕುರೆಯಲ್ಲಿ. ಅಲ್ಲಿಂದ ನಾಗಸಾಕಿಗೆ ಒಯ್ಯಲು ‘ಕಾಶಿನೊ’ ಎಂಬ ಪ್ರತ್ಯೇಕ ಹಡಗನ್ನೇ ಕಟ್ಟಿದರು. ಆ ಕೆಲಸ ಮುಗಿಸಿದ ಹಡಗನ್ನು 1942ರಲ್ಲಿ ಅಮೆರಿಕದ ಜಲಾಂತರ್ಗಾಮಿ ಮುಳುಗಿಸಿತು. ನಳಿಗೆ ಕಡೆಯಲು ಜರ್ಮನಿಯಿಂದ ತರಿಸಿದ ಭಾರಿ ಲೇತ್ ಒಂದರ ಬಾಳು ಮಾತ್ರ ದೀರ್ಘವಾಯಿತು. ಯುದ್ಧದ ನಂತರ ಅದು ಖಾಸಗಿ ಕಾರ್ಖಾನೆಯ ಪಾಲಾಗಿ, 2013ರವರೆಗೂ ಸರಕುಹಡಗುಗಳ ಎಂಜಿನ್ನಿಗೆ ಕ್ರ್ಯಾಂಕ್‌ಶಾಫ್ಟ್ ಕಡೆಯುತ್ತಿತ್ತು. ಈಗ ಕುರೆಯ ಮ್ಯೂಸಿಯಂನಲ್ಲಿದೆ. ಈ ಸಭೆಯಲ್ಲಿ ಲೇತಿನ ಮುಂದೆ ನಿಂತು ದುಡಿದವರು ಇದ್ದರೆ ಅವರಿಗೆ ಆ ಯಂತ್ರದ ಮೇಲೆ ಫಿರಂಗಿಗಿಂತ ಹೆಚ್ಚು ಗೌರವ ಮೂಡಬಹುದು. ನನಗಂತೂ ಮೂಡಿದೆ.

ಈಗ ಕಣ್ಣಿನ ಪ್ರಶ್ನೆ. 42 ಕಿಲೋಮೀಟರ್ ದೂರ ಹೊಡೆಯಬಲ್ಲ ಫಿರಂಗಿ ಸರಿ, ಆದರೆ ನೋಡುವವರು ಯಾರು? ಹಡಗಿನ ಮೇಲೆ 40 ಮೀಟರ್ ಎತ್ತರದಲ್ಲಿ ನಿಂತವನಿಗೆ ದಿಗಂತ ಇರುವುದು 22–23 ಕಿಲೋಮೀಟರ್‌ಗೆ. ಅದರಾಚೆಯ ಹಡಗಿನ ಮೇಲ್ಭಾಗ ಮಾತ್ರ ಕಾಣುತ್ತದೆ, 40 ಕಿಲೋಮೀಟರ್ ಹೊತ್ತಿಗೆ ಕಂಬದ ತುದಿ. ಯಮಾಟೊದ ದೂರಮಾಪಕದ ಎರಡು ಕಣ್ಣುಗಳ ನಡುವೆ 15 ಮೀಟರ್ ಅಂತರವಿತ್ತು. ಅಷ್ಟು ದೊಡ್ಡ ಉಪಕರಣಕ್ಕೂ ಭೂಮಿಯ ಬಾಗನ್ನು ದಾಟಿ ನೋಡಲಾಗದು. ಮೇಲಾಗಿ ಗರಿಷ್ಠ ದೂರಕ್ಕೆ ಗುಂಡು ತಲುಪಲು ಒಂದೂವರೆ ನಿಮಿಷ ಬೇಕು. ಅಷ್ಟರಲ್ಲಿ 30 ನಾಟ್ ವೇಗದ ಹಡಗು ಸುಮಾರು 1,400 ಮೀಟರ್ ಸರಿದಿರುತ್ತದೆ. ಚಲಿಸುವ ಹಡಗಿನಿಂದ ಚಲಿಸುವ ಹಡಗಿಗೆ ಫಿರಂಗಿ ತಾಗಿಸಿದ ಅತಿ ದೂರದ ದಾಖಲೆಗಳಲ್ಲಿ ಒಂದು 1940ರ ಜುಲೈ 9ರದು, ಬ್ರಿಟನ್ನಿನ ‘ವಾರ್‌ಸ್ಪೈಟ್’ ಇಟಲಿಯ ‘ಜೂಲಿಯೊ ಚೇಸರೆ’ಗೆ ಹೊಡೆದದ್ದು. ದೂರ ಸುಮಾರು 24 ಕಿಲೋಮೀಟರ್, ಫಿರಂಗಿ 15 ಇಂಚಿನದು. ಅದಕ್ಕಿಂತ ದೂರಕ್ಕೆ ಹೊಡೆಯುವ ಶಕ್ತಿ ಇದ್ದವರಿಗೆ ಅದರ ಉಪಯೋಗ ಹೆಚ್ಚು ಸಿಗಲಿಲ್ಲ.

ಯಮಾಟೊ ಶತ್ರು ಹಡಗುಗಳ ಮೇಲೆ ತನ್ನ ದೊಡ್ಡ ಫಿರಂಗಿಗಳನ್ನು ಹಾರಿಸಿದ್ದು ಒಂದೇ ದಿನ: 1944ರ ಅಕ್ಟೋಬರ್ 25, ಫಿಲಿಪ್ಪೀನ್ಸಿನ ಸಮರ್ ದ್ವೀಪದ ಹೊರಗೆ. ಹಿಂದಿನ ದಿನ ಮುಸಾಶಿ ವಿಮಾನಗಳ ದಾಳಿಗೆ ಮುಳುಗಿತ್ತು. ಎದುರಿಗೆ ಸಿಕ್ಕಿದ್ದು ಅಮೆರಿಕದ ಆರು ಸಣ್ಣ ವಿಮಾನವಾಹಕಗಳು, ಅವುಗಳ ಜೊತೆಗೆ ಕೆಲವೇ ಡಿಸ್ಟ್ರಾಯರ್‌ಗಳು. ಸುಮಾರು 32 ಕಿಲೋಮೀಟರ್ ದೂರದಿಂದ ಯಮಾಟೊ ಶುರುಮಾಡಿತು. ದಪ್ಪ ಕವಚ ಭೇದಿಸಲೆಂದೇ ಮಾಡಿದ ಜಪಾನೀ ಗುಂಡುಗಳು ಆ ತೆಳು ತಗಡಿನ ಹಡಗುಗಳಲ್ಲಿ ಒಂದು ಕಡೆ ಹೊಕ್ಕು, ಸಿಡಿಯದೆ, ಇನ್ನೊಂದು ಕಡೆ ಹೊರಬೀಳುತ್ತಿದ್ದವು. ಅಮೆರಿಕದ ಸಣ್ಣ ಡಿಸ್ಟ್ರಾಯರ್‌ಗಳು ಜೀವದ ಹಂಗು ತೊರೆದು ನುಗ್ಗಿ ಟಾರ್ಪೆಡೊ ಬಿಟ್ಟವು. ತಪ್ಪಿಸಿಕೊಳ್ಳಲು ಯಮಾಟೊ ಬೆನ್ನು ತಿರುಗಿಸಿತು. ಎರಡೂ ಪಕ್ಕದಲ್ಲಿ ಟಾರ್ಪೆಡೊಗಳು ಜೊತೆಜೊತೆಗೇ ಓಡುತ್ತಿದ್ದುದರಿಂದ ಮರಳಲಾಗದೆ ಹತ್ತು ನಿಮಿಷ ಯುದ್ಧದಿಂದ ದೂರ ದೂರ ಸಾಗಿತು. ಜಗತ್ತಿನ ಅತಿ ದೊಡ್ಡ ಫಿರಂಗಿಗಳ ಏಕೈಕ ನೌಕಾಕದನ ಇಷ್ಟು.

1945ರ ಏಪ್ರಿಲ್ 7ರಂದು ಓಕಿನಾವಾ ಕಡೆ ಹೊರಟ ಯಮಾಟೊವನ್ನು ನೂರಾರು ವಿಮಾನಗಳು ಮುತ್ತಿದವು. 46 ಸೆಂಟಿಮೀಟರಿನ ಫಿರಂಗಿಗಳಿಂದ ಆಕಾಶಕ್ಕೆ ಕಿಡಿಗುಂಡು ಹಾರಿಸಿದರು. ಪ್ರಯೋಜನ ಅಷ್ಟಕ್ಕಷ್ಟೆ. ಹಡಗು ಮಗುಚಿ ಸ್ಫೋಟಿಸಿತು. ಮೂರು ಸಾವಿರದಷ್ಟು ಜನ ಸತ್ತರು. ದಾಳಿಗೆ ಬಂದ ವಿಮಾನಗಳಲ್ಲಿ ನಷ್ಟವಾದದ್ದು ಹತ್ತು. ಟರೆಟ್‌ಗಳು ತಮ್ಮ ಗುಂಡಿಗಳಲ್ಲಿ ಸ್ವಂತ ಭಾರದಿಂದಲೇ ಕೂತಿರುತ್ತವೆ. ಹಡಗು ಮಗುಚಿದಾಗ ಅವು ಕಳಚಿ ಬಿದ್ದವು, ಈಗಲೂ ಸಮುದ್ರದ ತಳದಲ್ಲಿ ಬೇರೆಯಾಗಿ ಬಿದ್ದಿವೆ. 51 ಸೆಂಟಿಮೀಟರಿನ ಫಿರಂಗಿಯ ಹಡಗಿಗೂ ಜಪಾನಿನವರು ನಕ್ಷೆ ಹಾಕಿದ್ದರು. ಆ ಹಡಗಿನ ಕೆಲಸ ಶುರುವೇ ಆಗಲಿಲ್ಲ.

ಅಮೆರಿಕದ 16 ಇಂಚಿನ ಫಿರಂಗಿಗಳು ಮಾತ್ರ 1991ರವರೆಗೆ ಬಾಳಿದವು. ಆ ವರ್ಷದ ಕೊಲ್ಲಿ ಯುದ್ಧದಲ್ಲಿ ‘ಮಿಸೌರಿ’ ಮತ್ತು ‘ವಿಸ್ಕಾನ್ಸಿನ್’ ಹಡಗುಗಳಿಗೆ ಗುರಿ ನೋಡಿ ಹೇಳುತ್ತಿದ್ದದ್ದು ಚಾಲಕನಿಲ್ಲದ ಸಣ್ಣ ವಿಮಾನ. ಫೈಲಕಾ ದ್ವೀಪದಲ್ಲಿ ಅದರ ಸದ್ದು ಕೇಳಿದ ಇರಾಕಿನ ಸೈನಿಕರು, ಇದರ ಹಿಂದೆಯೇ ಗುಂಡು ಬರುತ್ತದೆಂದು ಅನುಭವದಿಂದ ತಿಳಿದವರು, ಆ ವಿಮಾನಕ್ಕೇ ಬಿಳಿ ಬಟ್ಟೆ ಬೀಸಿ ಶರಣಾದರು. ಫಿರಂಗಿಗೆ ಕೊನೆಗೂ ಒಳ್ಳೆಯ ಕಣ್ಣು ಸಿಕ್ಕಿತು, ಅದು ನಿವೃತ್ತಿಯ ಹೊಸ್ತಿಲಲ್ಲಿ ನಿಂತಾಗ.

ನಮ್ಮ ದೇಶದ ಮಾತನ್ನೂ ಕೇಳುತ್ತೀರಿ, ಗೊತ್ತು. ಸ್ವತಂತ್ರ ಭಾರತದ ನೌಕಾಪಡೆಯ ಅತಿ ದೊಡ್ಡ ಫಿರಂಗಿಗಳ ಅಳತೆ ಆರು ಇಂಚು. ಅವನ್ನು ಹೊತ್ತ ಎರಡು ಕ್ರೂಸರ್‌ಗಳಲ್ಲಿ ಒಂದಕ್ಕೆ ನಮ್ಮ ಮೈಸೂರಿನ ಹೆಸರು, ಲಾಂಛನಕ್ಕೆ ಗಂಡಭೇರುಂಡ. ಬ್ರಿಟನ್ನಿನ ‘ನೈಜೀರಿಯಾ’ ಹಡಗನ್ನು ಕೊಂಡು 1957ರಲ್ಲಿ ‘ಐಎನ್‌ಎಸ್ ಮೈಸೂರು’ ಮಾಡಿದ್ದು. ಮೂರು ಟರೆಟ್, ಒಂಬತ್ತು ಫಿರಂಗಿ, 152 ಮಿಲಿಮೀಟರ್. ಯಮಾಟೊದ ಎರಡನೆಯ ದರ್ಜೆಯ ಫಿರಂಗಿಗಳೇ 155 ಮಿಲಿಮೀಟರಿನವು. 1985ರಲ್ಲಿ ಆ ಮೈಸೂರು ನಿವೃತ್ತವಾಯಿತು. 1999ರಲ್ಲಿ ಅದೇ ಹೆಸರಿನ ಹೊಸ ಡಿಸ್ಟ್ರಾಯರ್ ಸೇವೆಗೆ ಬಂದಾಗ ಅದರ ಮುಂಭಾಗದಲ್ಲಿ ಇದ್ದದ್ದು 100 ಮಿಲಿಮೀಟರಿನ ಒಂದೇ ಒಂದು ಫಿರಂಗಿ. ಉಳಿದ ಜಾಗವೆಲ್ಲ ಕ್ಷಿಪಣಿಗಳಿಗೆ, ರಡಾರಿಗೆ, ಮತ್ತು ಎರಡು ಹೆಲಿಕಾಪ್ಟರ್‌ಗಳಿಗೆ.